ಬೆಟ್ಟದ ಬೇಟೆಗೆ ಹಗುರ ಸ್ಕೋಪ್

ನ್ಯೂಜಿಲೆಂಡಿನ ಸದರ್ನ್ ಆಲ್ಪ್ಸ್ ಪರ್ವತಗಳಲ್ಲಿ 1904ರಲ್ಲಿ ತಂದು ಬಿಡಲಾದ ಹಿಮಾಲಯದ ತಾರ್ ಎಂಬ ಕಾಡುಮೇಕೆ, ಸಹಜ ಶತ್ರುಗಳಿಲ್ಲದೆ ಹೆಚ್ಚಿ, ಮೇಯುವ ಸಸ್ತನಿಗಳನ್ನೇ ಕಾಣದೆ ವಿಕಾಸಗೊಂಡಿದ್ದ ಅಲ್ಲಿನ ಎತ್ತರದ ಪ್ರದೇಶಗಳ ಸಸ್ಯಗಳನ್ನು ಹಾಳುಗೆಡವತೊಡಗಿದ್ದರಿಂದ, 1993ರ ನಿಯಂತ್ರಣ ಯೋಜನೆ ಅದರ ಸಂಖ್ಯೆಗೆ 10,000ದ ಮಿತಿ ಹಾಕಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಸರೆ ಪಡೆದಿರುವ ಈ ಪ್ರಾಣಿಯ ಬೇಟೆ ನ್ಯೂಜಿಲೆಂಡಿನಲ್ಲಿ ಕಾನೂನುಬದ್ಧ. ಕಡಿದಾದ ಇಳಿಜಾರುಗಳನ್ನು ಹತ್ತಿ, ಡೇರೆಯನ್ನೂ ಆಹಾರವನ್ನೂ ಮರಳುವಾಗ ಮಾಂಸವನ್ನೂ ಬೆನ್ನ ಮೇಲೆ ಹೊರುವ ಬೇಟೆಗಾರನಿಗೆ, ಸ್ಕೋಪ್, ಅಂದರೆ ಗುರಿ ಹಿಡಿಯಲು ರೈಫಲ್ಲಿನ ಮೇಲೆ ಕೂರಿಸುವ ಪುಟ್ಟ ದೂರದರ್ಶಕ, 350 ಗ್ರಾಂ ತೂಗುತ್ತದೆಯೋ 800 ಗ್ರಾಂ ತೂಗುತ್ತದೆಯೋ ಎಂಬುದು ಸಣ್ಣ ಪ್ರಶ್ನೆಯಲ್ಲ.

ತೂಕ ಏರುವುದು ಮುಖ್ಯವಾಗಿ ದೊಡ್ಡ ಮುಂಮಸೂರ, ದಪ್ಪ ಕೊಳವೆ ಮತ್ತು ಹೆಚ್ಚಿನ ವರ್ಧನಶಕ್ತಿಗಳಿಂದ. ಮುಂಮಸೂರದ ವ್ಯಾಸವನ್ನು ವರ್ಧನದಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ದೊರೆಯುತ್ತದೆ: 36 ಮಿ.ಮೀ. ಮಸೂರ 6 ಪಟ್ಟು ವರ್ಧನದಲ್ಲಿ 6 ಮಿ.ಮೀ. ಕೊಟ್ಟರೆ, 50 ಮಿ.ಮೀ. ಮಸೂರ ಅದೇ ವರ್ಧನದಲ್ಲಿ 8 ಮಿ.ಮೀ.ಗೂ ಮಿಕ್ಕಿ ಕೊಡುತ್ತದೆ. ಆದರೆ ಮನುಷ್ಯನ ಕಣ್ಣಿನ ಪಾಪೆ ಕತ್ತಲಲ್ಲೂ ಸುಮಾರು 7 ಮಿ.ಮೀ.ಗಿಂತ ಹೆಚ್ಚು ಅರಳುವುದಿಲ್ಲ, ವಯಸ್ಸಾದಂತೆ ಅಷ್ಟೂ ಅರಳುವುದಿಲ್ಲವಾದ್ದರಿಂದ, ದೊಡ್ಡ ಮಸೂರ ತರುವ ಹೆಚ್ಚುವರಿ ಬೆಳಕು ಅಲ್ಲಿ ವ್ಯರ್ಥವಾಗುತ್ತದೆ. 30 ಮಿ.ಮೀ.ನಷ್ಟು ದಪ್ಪ ಕೊಳವೆ ಹೆಚ್ಚು ಬೆಳಕು ತರುತ್ತದೆ ಎಂಬ ನಂಬಿಕೆಯೂ ತಪ್ಪು. ಅದು ಕೊಡುವುದು ಒಳಗಿನ ಹೊಂದಾಣಿಕೆಗೆ ಹೆಚ್ಚಿನ ಜಾಗವನ್ನು. ಮುಸ್ಸಂಜೆಯ ನೋಟವನ್ನು ನಿಜವಾಗಿ ಸುಧಾರಿಸುವುದು ಗಾಜಿನ ಮೇಲಿನ ಪ್ರತಿಫಲನ ತಡೆಯುವ ಲೇಪ, ಏಕೆಂದರೆ ಲೇಪವಿಲ್ಲದ ಪ್ರತಿಯೊಂದು ಗಾಜಿನ ಮೈಯೂ ಬೆಳಕಿನ ಶೇ. 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಈ ಲೇಪವನ್ನು 1935ರಲ್ಲಿ ರೂಪಿಸಿದವನು ಜರ್ಮನಿಯ ಝೈಸ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲಾ. ಆದುದರಿಂದ 2ರಿಂದ 8 ಪಟ್ಟಿನ ಅಥವಾ ಸ್ಥಿರವಾಗಿ 6 ಪಟ್ಟಿನ, ಉತ್ತಮ ಲೇಪವುಳ್ಳ ಸರಳ ಸ್ಕೋಪ್ ಬೆಟ್ಟದ ಬೇಟೆಗೆ ಸಾಕಷ್ಟೇ ಅಲ್ಲ, ಹೆಚ್ಚು ಸೂಕ್ತ.

ಬಾಳಿಕೆಯೆಂದರೆ ಹೊರಮೈ ಒಡೆಯದಿರುವುದಷ್ಟೇ ಎಂದು ತಿಳಿಯಬಾರದು. ಕೊಳವೆಯೊಳಗೆ ಸ್ಪ್ರಿಂಗಿನ ಒತ್ತಡದಲ್ಲಿ ನಿಲ್ಲುವ ಇನ್ನೊಂದು ಕಿರುಕೊಳವೆಯಿದ್ದು, ಗುಂಡು ಬೀಳುವ ಜಾಗಕ್ಕೆ ಗುರಿಗೆರೆಯನ್ನು ಹೊಂದಿಸುವುದು ಅದನ್ನು ಸರಿಸುವುದರಿಂದಲೇ. ಈ ಹೊಂದಾಣಿಕೆ ಗುಂಡು ಹಾರಿದಾಗಿನ ಸಾವಿರಾರು ಒದೆತಗಳ ನಂತರವೂ ಕದಲದಿರುವುದೇ ನಿಜವಾದ ಬಾಳಿಕೆ. ಕೋನದ ಒಂದು ನಿಮಿಷ, ಅಂದರೆ ಡಿಗ್ರಿಯ 60ನೇ ಒಂದು ಪಾಲು, 100 ಮೀಟರಿನಲ್ಲಿ 2.9 ಸೆಂ.ಮೀ. ಆಗುವುದರಿಂದ, ಮೂರು ನಿಮಿಷದಷ್ಟು ಕದಲಿದ ಸ್ಕೋಪ್ 300 ಮೀಟರಿನಲ್ಲಿ ಗುಂಡನ್ನು 26 ಸೆಂ.ಮೀ. ಆಚೆಗೆ ಒಯ್ಯುತ್ತದೆ, ಗಾಯಗೊಂಡ ಪ್ರಾಣಿ ಮನುಷ್ಯ ತಲುಪಲಾಗದ ಬಂಡೆಯ ಸಂದಿಗೆ ಹೋಗಿ ನರಳುವುದು ಇಂಥ ತಪ್ಪಿನಿಂದಲೇ. ಹಗುರ ರೈಫಲ್ ಇನ್ನಷ್ಟು ರಭಸದಿಂದ ಒದೆಯುವುದರಿಂದ, ಅದರ ಸ್ಕೋಪ್ ಒಳಭಾಗದಲ್ಲಿ ಗಟ್ಟಿಯಾಗಿರುವುದರ ಜೊತೆಗೆ ಹುಬ್ಬಿಗೆ ಬಡಿಯದಂತೆ ಕಣ್ಣಿನಿಂದ 9–10 ಸೆಂ.ಮೀ. ದೂರದಲ್ಲೂ ಪೂರ್ಣ ನೋಟ ಕೊಡುವಂತಿರಬೇಕು. ಒಳಗಿನ ತೇವ ತೆಗೆದು ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ ಮುಚ್ಚಿದ ಸ್ಕೋಪಿನ ಒಳಗಾಜು ಚಳಿಯಲ್ಲಿ ಮಂಜು ಕಟ್ಟುವುದಿಲ್ಲ.

ಸ್ಕೋಪನ್ನು ಹಿಡಿದಿಡುವ ಬಳೆಗಳು ಹಾಗೂ ತಿರುಪುಗಳ ಮೇಲೆ ಒದೆತದ ವೇಳೆ ಬೀಳುವ ಬಲ ಸ್ಕೋಪಿನ ತೂಕಕ್ಕೆ ಅನುಗುಣವಾಗಿರುವುದರಿಂದ, ಹಗುರ ಸ್ಕೋಪ್ ಜಾರುವ ಸಂಭವವೂ ಕಡಿಮೆ. ಹಾಗಿದ್ದರೂ ತಿರುಪುಗಳನ್ನು ತಯಾರಕರು ಸೂಚಿಸಿದ ಬಿಗಿತಕ್ಕೆ ಅಳತೆಯ ಉಪಕರಣದಿಂದಲೇ ಬಿಗಿಯಬೇಕು, ಮತ್ತು ದೂರ ಪ್ರಯಾಣದ ನಂತರ ಬೇಟೆಗೆ ಹೊರಡುವ ಮೊದಲು ಕಾಗದದ ಗುರಿಯ ಮೇಲೆ ಕೆಲವು ಗುಂಡು ಹಾರಿಸಿ ಹೊಂದಾಣಿಕೆಯನ್ನು ಖಚಿತಪಡಿಸಿಕೊಳ್ಳಬೇಕು.