ಅಧಿಕಾರವೂ ಮುಂದಾಳುತನವೂ

ಕನ್ನಡದ ‘ಆಳು’ ಎಂಬ ಮಾತಿಗೆ ಎರಡು ಮುಖಗಳಿವೆ. ಕ್ರಿಯಾಪದವಾದಾಗ ಅದು ಪ್ರಭುತ್ವವನ್ನು ಸೂಚಿಸುತ್ತದೆ. ನಾಮಪದವಾದಾಗ ದುಡಿಯುವ ಮನುಷ್ಯನನ್ನು. ‘ಮುಂದಾಳು’ ಎಂಬಲ್ಲಿರುವುದು ಎರಡನೆಯ ಅರ್ಥ: ಮುಂದೆ ನಿಂತು ದುಡಿಯುವವನು. ಸಂಸ್ಕೃತದ ‘ನಾಯಕ’ ಶಬ್ದವಾದರೋ ಒಯ್ಯುವುದೆಂಬ ಅರ್ಥದ ‘ನೀ’ ಧಾತುವಿನಿಂದ ಬಂದುದು. ಇವೆರಡರಲ್ಲಿಯೂ ಅಪ್ಪಣೆ ಕೊಡುವುದೆಂಬ ಭಾವ ಮುಖ್ಯವಲ್ಲ. ಆದರೂ ಕಛೇರಿಯ ಕುರ್ಚಿಯಲ್ಲಿ ಕುಳಿತೊಡನೆ ನಾವು ನಾಯಕತ್ವವನ್ನು ಅಪ್ಪಣೆಯೊಡನೆ ಒಂದಾಗಿಸಿಬಿಡುತ್ತೇವೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಆದುದರಿಂದಲೇ ಈ ವಿಚಾರವನ್ನು ವಾಚಕರ ಮುಂದಿಡಬೇಕೆನಿಸಿತು.

ಈ ವಿಷಯವನ್ನು ಆಳವಾಗಿ ಚಿಂತಿಸಿದವರಲ್ಲಿ ಅಮೆರಿಕದ ಮೇರಿ ಪಾರ್ಕರ್ ಫಾಲೆಟ್ (1868–1933) ಅಗ್ರಗಣ್ಯಳು. ಆಕೆ ಯಾವ ಕಾರ್ಖಾನೆಯ ಒಡತಿಯೂ ಅಲ್ಲ. ಬಾಸ್ಟನ್ ನಗರದ ನೆರೆಹೊರೆಯ ಸಾಮಾಜಿಕ ಕೇಂದ್ರಗಳಲ್ಲಿ ದುಡಿದವಳು. ಜನರು ಕೂಡಿ ಕೆಲಸಮಾಡುವ ರೀತಿಯನ್ನು ಅಲ್ಲಿ ಕಣ್ಣಾರೆ ಕಂಡು, 1924ರಲ್ಲಿ ‘ಕ್ರಿಯೇಟಿವ್ ಎಕ್ಸ್‌ಪೀರಿಯೆನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದಳು. ಮುಂದೆ ವ್ಯಾಪಾರಸಂಸ್ಥೆಗಳ ಆಡಳಿತಗಾರರ ಮುಂದೆಯೂ ಉಪನ್ಯಾಸಗಳನ್ನಿತ್ತಳು.

ಅವಳ ಪ್ರತಿಪಾದನೆಯ ತಿರುಳು ಇಷ್ಟು: ಒಬ್ಬನು ಇನ್ನೊಬ್ಬನಿಗೆ ಅಪ್ಪಣೆ ಕೊಡುವುದಲ್ಲ, ಇಬ್ಬರೂ ಕೂಡಿ ಸನ್ನಿವೇಶವನ್ನು ಪರಿಶೀಲಿಸಿ, ಆ ಸನ್ನಿವೇಶವೇ ಕೊಡುವ ಅಪ್ಪಣೆಗೆ ತಲೆಬಾಗಬೇಕು. ಇದನ್ನು ಆಕೆ ಸನ್ನಿವೇಶದ ನಿಯಮವೆಂದು ಕರೆದಳು. ಇನ್ನೊಬ್ಬರ ಮೇಲಿನ ಅಧಿಕಾರ ಬೇರೆ, ಇನ್ನೊಬ್ಬರೊಡನೆ ಬೆಳೆಸಿಕೊಳ್ಳುವ ಶಕ್ತಿ ಬೇರೆ ಎಂಬುದು ಅವಳ ಇನ್ನೊಂದು ವಿವೇಚನೆ. ಭಿನ್ನಾಭಿಪ್ರಾಯ ಬಂದಾಗ ಮೂರು ದಾರಿಗಳಿವೆ: ಒಬ್ಬನು ಗೆಲ್ಲುವುದು, ಇಬ್ಬರೂ ಅರ್ಧರ್ಧ ಬಿಟ್ಟುಕೊಡುವುದು, ಇಬ್ಬರ ನಿಜವಾದ ಬಯಕೆಯೂ ಈಡೇರುವ ಹೊಸ ಮಾರ್ಗವನ್ನು ಕಂಡುಹಿಡಿಯುವುದು. ಮೂರನೆಯದಕ್ಕೆ ಆಕೆ ಕೊಟ್ಟ ನಿದರ್ಶನ ಪ್ರಸಿದ್ಧವಾದುದು. ಹಾರ್ವರ್ಡ್ ಗ್ರಂಥಾಲಯದ ಕೊಠಡಿಯಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕು, ಇವಳಿಗೆ ಮುಚ್ಚಿರಬೇಕು. ಕೊನೆಗೆ ಪಕ್ಕದ ಬರಿದಾದ ಕೊಠಡಿಯ ಕಿಟಕಿಯನ್ನು ತೆರೆದರು. ಅವರಿಗೆ ಬೇಕಾದುದು ಗಾಳಿ. ಇವಳಿಗೆ ಬೇಡವಾದುದು ಮೈಮೇಲೆ ನೇರವಾಗಿ ಬೀಸುವ ಬಡಗಣ ಗಾಳಿ ಮಾತ್ರ.

ಸ್ವಂತ ಅನುಭವವೊಂದನ್ನು ಹೇಳಲು ಅಪ್ಪಣೆಯಾಗಲಿ. ಕೈಬರಹದ ಲೆಡ್ಜರುಗಳಿಂದ ಖಾತೆಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ ಕಾಲದಲ್ಲಿ ಮುಂಬಯಿಯ ಶಾಖೆಯೊಂದರಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿತು. ನನಗಾಗ ಮೂವತ್ತೂ ತುಂಬಿರಲಿಲ್ಲ. ಗಡುವು ಸಮೀಪಿಸುತ್ತಿತ್ತು. ವಯಸ್ಸಾದ ಗುಮಾಸ್ತರೊಬ್ಬರು ನಿಧಾನಿಸುತ್ತಿರುವರೆಂದು ಬಗೆದು, ಎಲ್ಲರೆದುರು ಅವರಿಗೆ ಲಿಖಿತ ಆಜ್ಞೆಯನ್ನು ಕೊಟ್ಟೆ. ಅವರು ಎದುರಾಡಲಿಲ್ಲ, ಹೇಳಿದಷ್ಟನ್ನೇ ಮಾಡತೊಡಗಿದರು. ಕೆಲಸ ಸಾಗಿತು, ಮಾತು ನಿಂತಿತು.

ನಾಲ್ಕನೆಯ ದಿನ ನಾನೇ ಅವರ ಮೇಜಿನ ಬಳಿ ಹೋಗಿ ಕುಳಿತೆ. ಆಗ ಅವರು ಹಳೆಯ ಲೆಡ್ಜರೊಂದನ್ನು ತೆರೆದು ಅಂಚಿನಲ್ಲಿದ್ದ ಸಣ್ಣ ಬರಹವನ್ನು ತೋರಿಸಿದರು. ಗಂಡಹೆಂಡಿರ ಜಂಟಿ ಖಾತೆ. ಇಬ್ಬರಲ್ಲೊಬ್ಬರು ಅಥವಾ ಬದುಕುಳಿದವರು ಹಣ ತೆಗೆಯಬಹುದೆಂಬ ಸೂಚನೆ ಅಲ್ಲಿತ್ತು. ನಾನು ಅವಸರದಿಂದ ಸಿದ್ಧಪಡಿಸಿದ ನಮೂನೆಯಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ಆ ಸೂಚನೆ ಬಿಟ್ಟುಹೋದರೆ ಮುಂದೆ ಒಂದು ದಿನ ಯಾವಳೋ ವಿಧವೆ ತನ್ನದೇ ಹಣಕ್ಕಾಗಿ ನಮ್ಮ ಬಾಗಿಲಲ್ಲಿ ನಿಂತು ಪರದಾಡಬೇಕಾಗುತ್ತಿತ್ತು. ಅವರ ನಿಧಾನ ಸೋಮಾರಿತನವಲ್ಲ, ಎಚ್ಚರಿಕೆ. ಎಲ್ಲರೆದುರೇ ಅವರ ಕ್ಷಮೆ ಕೇಳಿದೆ. ಅಂಚಿನ ಬರಹಗಳನ್ನು ಪರೀಕ್ಷಿಸುವ ಕೆಲಸಕ್ಕೆ ಅಂದಿನಿಂದ ಅವರೇ ಮುಂದಾಳು. ನಾನು ಅವರ ಆಳು.

ಫಾಲೆಟ್ ಸ್ಥಾನದ ನಾಯಕತ್ವ, ವ್ಯಕ್ತಿತ್ವದ ನಾಯಕತ್ವ, ಕಾರ್ಯಜ್ಞಾನದ ನಾಯಕತ್ವ ಎಂದು ವಿಂಗಡಿಸಿದ್ದು ಇದನ್ನೇ. ಯಾವ ಗಳಿಗೆಯಲ್ಲಿ ಯಾರ ಅರಿವು ಕೆಲಸಕ್ಕೆ ಬೇಕೋ ಆಗ ಅವರೇ ನಾಯಕರು. ಸ್ಥಾನದಲ್ಲಿರುವವನ ಹೊಣೆ, ಆ ಅರಿವು ಎಲ್ಲಿದೆಯೆಂದು ಗುರುತಿಸಿ ಅದಕ್ಕೆ ಎಡೆಮಾಡಿಕೊಡುವುದು.

ಇದು ಹುಟ್ಟುಗುಣವಲ್ಲ, ಅಭ್ಯಾಸ. ಆಜ್ಞೆಯನ್ನು ಬರೆಯುವ ಮುನ್ನ, ಅದನ್ನು ನೆರವೇರಿಸುವವನೊಡನೆ ಮುಖಾಮುಖಿ ಮಾತನಾಡಬೇಕು. ಅವನು ಏನು ಕೇಳುತ್ತಿದ್ದಾನೆಂಬುದರ ಜೊತೆಗೆ ಏಕೆ ಕೇಳುತ್ತಿದ್ದಾನೆಂಬುದನ್ನೂ ತಿಳಿಯಬೇಕು. ಅವನ ವಾದವನ್ನು ಅವನು ಒಪ್ಪುವಂತೆ ನಮ್ಮ ಬಾಯಿಂದ ಹೇಳಬಲ್ಲೆವೇ ಎಂದು ಪರೀಕ್ಷಿಸಿಕೊಳ್ಳಬೇಕು. ತಪ್ಪಾದರೆ, ತಪ್ಪು ನಡೆದ ಸ್ಥಳದಲ್ಲಿಯೇ ಒಪ್ಪಿಕೊಳ್ಳಬೇಕು.

ಈ ಮಾರ್ಗಕ್ಕೆ ಮಿತಿಯೂ ಉಂಟು. ಎಲ್ಲ ಭೇದಗಳೂ ಹೀಗೆ ಪರಿಹಾರವಾಗವೆಂದು ಫಾಲೆಟ್ ತಾನೇ ಒಪ್ಪಿದ್ದಾಳೆ. ತಿಜೋರಿಯ ಎರಡು ಬೀಗದಕೈಗಳು ಇಬ್ಬರ ಬಳಿಯೇ ಇರಬೇಕೆಂಬ ನಿಯಮದ ಬಗೆಗೆ ಚರ್ಚೆಗೆ ಎಡೆಯಿಲ್ಲ. ಆದರೆ ಆ ನಿಯಮದ ಕಾರಣವನ್ನು ವಿವರಿಸಲು ಯಾವ ಅಡ್ಡಿಯೂ ಇಲ್ಲ.

ಹಲವು ನುಡಿಗಳವರ ನಡುವೆ ಕೆಲಸಮಾಡುವ ಹೊರನಾಡ ಕನ್ನಡಿಗರಾದ ನಮಗೆ ಇನ್ನೊಬ್ಬರ ಮಾತನ್ನು ಗಮನವಿಟ್ಟು ಕೇಳುವುದು ಬದುಕಿನ ಅಗತ್ಯವೇ ಆಗಿದೆ. ಬೀದಿಯಲ್ಲಿ ಕಲಿತ ಆ ಪಾಠವನ್ನು ಕಛೇರಿಯ ಮೇಜಿಗೂ, ನಮ್ಮ ಸಂಘಗಳ ಕಾರ್ಯಕಾರೀ ಸಮಿತಿಗಳಿಗೂ ತಂದರೆ ಸಾಕು.