ಚಾರಣಿಗನ ಹಿತ್ತಾಳೆ ಒಲೆ

ಸೀಮೆಎಣ್ಣೆಯ ಪಂಪ್ ಸ್ಟೋವ್ ನಮ್ಮ ಅಡುಗೆಮನೆಗಳನ್ನು ಆಳುತ್ತಿದ್ದ ಕಾಲವನ್ನು ಬಲ್ಲವರು ಅದನ್ನು ಹೊತ್ತಿಸುವ ವಿಧಿಯನ್ನು ಮರೆತಿರಲಾರರು. ಬರ್ನರಿನ ಕೆಳಗಿನ ಬಟ್ಟಲಿಗೆ ಒಂದಿಷ್ಟು ಸ್ಪಿರಿಟ್ ಸುರಿದು, ಕಡ್ಡಿ ಗೀರಿ, ಬರ್ನರು ಕಾಯುವವರೆಗೆ ತಾಳ್ಮೆಯಿಂದಿದ್ದು, ಅನಂತರ ಪಂಪ್ ಹೊಡೆಯಬೇಕಾಗಿತ್ತು. ಅಲ್ಲಿ ಬರಿಯ ಮುನ್ನುಡಿಯಾಗಿದ್ದ ಸ್ಪಿರಿಟ್ಟೇ ಇಡೀ ಗ್ರಂಥವಾಗಿರುವ ಒಲೆಯೊಂದುಂಟು. ಬೆಟ್ಟ ಹತ್ತುವವರ ಬೆನ್ನಚೀಲದಲ್ಲಿ ಅದರ ವಾಸ.

ಸ್ವೀಡನ್ನಿನ ಟ್ರಾಂಗಿಯಾ ಸಂಸ್ಥೆ 1925ರಲ್ಲಿ ಮನೆಬಳಕೆಯ ಪಾತ್ರೆಗಳನ್ನು ಮಾಡತೊಡಗಿ, 1951ರಲ್ಲಿ ಗಾಳಿಮರೆಯೊಡಗೂಡಿದ ಇಂಥ ಒಲೆಯನ್ನು ಹೊರತಂದಿತು. ಅಂಗೈಯಲ್ಲಿ ಅಡಗುವ ಅದರ ಹಿತ್ತಾಳೆಯ ಬರ್ನರು ಸುಮಾರು 110 ಗ್ರಾಂ ತೂಗುತ್ತದೆ. ಪಂಪಿಲ್ಲ, ಕೀಲಿಲ್ಲ, ಸದ್ದೂ ಇಲ್ಲ. ಎರಡು ಗೋಡೆಗಳ ಪುಟ್ಟ ಬಟ್ಟಲು, ಅಷ್ಟೆ. ಮೊದಲು ನಡುವಿನ ಸ್ಪಿರಿಟ್ ಉರಿಯುತ್ತದೆ; ಲೋಹ ಕಾದಂತೆ ಗೋಡೆಗಳ ನಡುವಿನ ಸ್ಪಿರಿಟ್ ಆವಿಯಾಗಿ, ಅಂಚಿನ ಸಣ್ಣ ರಂಧ್ರಗಳಿಂದ ಹೊಮ್ಮಿ, ಹೂವಿನ ಎಸಳುಗಳಂತೆ ಸುತ್ತಲೂ ಹೊತ್ತಿಕೊಳ್ಳುತ್ತದೆ. ಎಥನಾಲ್ 78 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವುದರಿಂದ ಬೇರೆ ಒತ್ತಡದ ಅಗತ್ಯವಿಲ್ಲ.

ಒಂದೆರಡು ಎಸಳು ಕುಗ್ಗಿದುವೆಂದರೆ ಆ ರಂಧ್ರಗಳನ್ನು ನೋಡಬೇಕು. ಸ್ಟೋವಿಗೆ ಪಿನ್ ಹಾಕಿ ಪಳಗಿದ ಕೈ ಇಲ್ಲಿಯೂ ಪಿನ್ನನ್ನೇ ಅರಸುತ್ತದೆ. ಬೇಡವೆನ್ನಲಾರೆ, ಆದರೆ ಹಿತ್ತಾಳೆ ಮೃದುವಾದ ಲೋಹ, ಒತ್ತಿ ತಿರುವಿದರೆ ರಂಧ್ರ ಹಿಗ್ಗುತ್ತದೆ, ಹಿಗ್ಗಿದ್ದನ್ನು ಮತ್ತೆ ಕುಗ್ಗಿಸಲಾಗದು. ರಂಧ್ರಕ್ಕಿಂತ ತೆಳುವಾದ ಸೂಜಿಯನ್ನು ಮೆಲ್ಲನೆ ಆಡಿಸಿದರೆ ಸಾಕು. ಹೊರಮೈ ಹಸಿರುಗಟ್ಟಿದ್ದರೆ ನಮ್ಮ ಮನೆಗಳ ಹುಣಸೆಹುಳಿಯೇ ಮದ್ದು. ಬಿಸಿನೀರಿನಲ್ಲಿ ತೊಳೆದು, ಬೋರಲು ಹಾಕಿ, ಪೂರ್ತಿ ಒಣಗಿಸಬೇಕು. ಗೋಡೆಗಳ ನಡುವೆ ಹುಳಿನೀರು ನಿಂತರೆ ಬೆಳಗಿದ್ದೆಲ್ಲ ವ್ಯರ್ಥ. ಹೊಳಪಿನಿಂದ ಅನ್ನ ಬೇಗ ಬೇಯುವುದಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ಕಂದಿದ ಒಲೆಯೂ ಅಷ್ಟೇ ಚೆನ್ನಾಗಿ ಉರಿಯುತ್ತದೆ.

ಪಾತ್ರೆಯ ತಳಕ್ಕೆ ಮಸಿ ಹಿಡಿಯುವುದು ಹೆಚ್ಚಾದರೆ ಸ್ಪಿರಿಟ್ಟಿಗೆ ಹತ್ತರಲ್ಲೊಂದು ಪಾಲು ನೀರು ಬೆರೆಸುವುದುಂಟು. ಆ ನೀರು ಕೊನೆಗೆ ಬಟ್ಟಲಿನ ತಳದಲ್ಲಿ ಉಳಿಯುತ್ತದೆ. ಒಲೆ ಆರಿದ ಮೇಲೆ ಚೆಲ್ಲಿಬಿಡಬೇಕು.

ಆರಿದ ಮೇಲೆ ಎಂದೆ. ಹಗಲಿನ ಬೆಳಕಿನಲ್ಲಿ ಸ್ಪಿರಿಟ್ಟಿನ ಜ್ವಾಲೆ ಕಣ್ಣಿಗೆ ಬೀಳುವುದೇ ಇಲ್ಲ. ಆರಿದೆಯೆಂದು ಭಾವಿಸಿ ಸೀಸೆಯಿಂದ ಮತ್ತೆ ಸುರಿಯಹೋದರೆ ಬೆಂಕಿ ಧಾರೆಯನ್ನೇರಿ ಕೈಯಲ್ಲಿರುವ ಸೀಸೆಗೇ ಬರುತ್ತದೆ. ಬರ್ನರು ಬರಿಗೈಯಲ್ಲಿ ಹಿಡಿಯುವಷ್ಟು ತಣ್ಣಗಾಗದೆ ಮರುತುಂಬಲಾಗದು. ಇದರಲ್ಲಿ ರಿಯಾಯಿತಿಯೇ ಇಲ್ಲ.

ಇನ್ನು ತಿರುಪಿನ ಮುಚ್ಚಳದ ಮಾತು. ಅದರೊಳಗೆ ಕುಕ್ಕರಿನ ಗ್ಯಾಸ್ಕೆಟ್ಟಿನ ತಮ್ಮನಂಥ ರಬ್ಬರ್ ಉಂಗುರವೊಂದಿರುತ್ತದೆ. ಜ್ವಾಲೆಯನ್ನು ಆರಿಸಲು ಬೇರೆಯೇ ಮುಚ್ಚಳವಿದೆ. ಒಮ್ಮೆ ಮಳೆ ಬರುವ ಅವಸರದಲ್ಲಿ, ಕಾದ ಬರ್ನರಿಗೇ ನಾನು ಈ ತಿರುಪಿನ ಮುಚ್ಚಳವನ್ನು ಬಿಗಿದೆ. ಉಂಗುರ ಸುಟ್ಟು ಸುಕ್ಕಾದದ್ದು ತಿಳಿಯಲಿಲ್ಲ. ಮರುದಿನ ಬೆಳಗ್ಗೆ ಚೀಲ ಬಿಚ್ಚಿದರೆ ಅವಲಕ್ಕಿ, ಬೆಲ್ಲ, ಹುರಿಗಡಲೆ ಎಲ್ಲವೂ ಸ್ಪಿರಿಟ್ಟಿನಲ್ಲಿ ನೆನೆದಿದ್ದುವು. "ಬಿಸಿಲಿಗೆ ಹರಡಿದರೆ ಆರಿಹೋಗುತ್ತದಲ್ಲವೇನಯ್ಯಾ?" ಎಂದ ಜೊತೆಗಿದ್ದ ಗೆಳೆಯ. ಕುಡಿಯಲಾಗದಂತೆ ಕೆಡಿಸಿದ ಸ್ಪಿರಿಟ್ಟಿನಲ್ಲಿ ಮೆಥನಾಲ್ ಇರಬಹುದು. ಅದು ಕಣ್ಣನ್ನೇ ಕಳೆಯಬಲ್ಲ ವಿಷ. ಕಹಿಗೆಂದು ಸೇರಿಸುವ ವಸ್ತುಗಳು ಬಿಸಿಲಿಗೆ ಆರಿಹೋಗುವುವೂ ಅಲ್ಲ. ಎಲ್ಲವನ್ನೂ ಕಟ್ಟಿ ಬೇರೆ ಹೊತ್ತು, ಮೂವರೂ ಬರಿಹೊಟ್ಟೆಯಲ್ಲಿ ಸಂಜೆಯವರೆಗೆ ಬೆಟ್ಟವಿಳಿದೆವು. ತಪ್ಪು ಒಲೆಯದಲ್ಲ, ನನ್ನದೇ. ಆ ಗೆಳೆಯ ಅಂದು ದಾರಿಯುದ್ದಕ್ಕೂ ನನ್ನೊಡನೆ ಒಂದು ಮಾತನ್ನೂ ಆಡಲಿಲ್ಲ.

ಅಂದಿನಿಂದ ಸ್ಪಿರಿಟ್ಟನ್ನು ಗುರುತು ಬರೆದ ಬೇರೆ ಸೀಸೆಯಲ್ಲಿ, ಆಹಾರದಿಂದ ದೂರ, ಚೀಲದ ಹೊರಜೇಬಿನಲ್ಲಿ ಒಯ್ಯುತ್ತೇನೆ. ಹೊರಡುವ ಎರಡು ದಿನ ಮೊದಲು ಬರ್ನರಿಗೆ ಒಂದಿಷ್ಟು ನೀರು ತುಂಬಿ, ಮುಚ್ಚಳ ಬಿಗಿದು, ಹಳೆಯ ವೃತ್ತಪತ್ರಿಕೆಯ ಮೇಲೆ ರಾತ್ರಿಯಿಡೀ ತಲೆಕೆಳಗಾಗಿಡುತ್ತೇನೆ. ಬೆಳಗ್ಗೆ ಕಾಗದ ಒದ್ದೆಯಾಗಿದ್ದರೆ ಹೊಸ ಉಂಗುರ ಹಾಕುತ್ತೇನೆ.