ಕೊನೆಯ ಬೆಂಚಿಗೆ ಮಾತು ಮುಟ್ಟುವುದೆ?

ಅಂಗವೈಕಲ್ಯವುಳ್ಳ ಮಕ್ಕಳೂ ಇತರರೊಡನೆ ಒಂದೇ ತರಗತಿಯಲ್ಲಿ ಕಲಿಯಬೇಕೆಂಬ ತತ್ತ್ವವನ್ನು ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಎತ್ತಿಹಿಡಿದಿದೆ. ಆದರೆ ಬೆಂಚಿನಲ್ಲಿ ಸ್ಥಳ ದೊರೆತ ಮಾತ್ರಕ್ಕೆ ಪಾಠವೂ ದೊರೆತಂತಾಗುವುದಿಲ್ಲ. ಕಿವುಡುತನವೊಂದನ್ನೇ ನಿದರ್ಶನವಾಗಿ ತೆಗೆದುಕೊಂಡು ಇದನ್ನು ಪರಿಶೀಲಿಸೋಣ.

ಕೆಲವು ವರ್ಷಗಳ ಹಿಂದೆ ಶ್ರವಣಸಾಧನ ಧರಿಸಿದ ವಿದ್ಯಾರ್ಥಿಯೊಬ್ಬನು ನಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಕೂಡುತ್ತಿದ್ದನು. ಏನು ಕೇಳಿದರೂ ತಲೆದೂಗುವನು, ಉತ್ತರ ಬಾರದು. ಅವನಿಗೆ ಪಾಠದಲ್ಲಿ ಗಮನವಿಲ್ಲವೆಂದೇ ನಾವು ನಂಬಿದ್ದೆವು. ಒಂದು ದಿನ ಅವನ ಪುಸ್ತಕವನ್ನು ತೆರೆದು ನೋಡಿದೆವು. ಕರಿಹಲಗೆಯ ಮೇಲೆ ನಾವು ಬರೆದುದೆಲ್ಲವೂ ಅದರಲ್ಲಿತ್ತು. ಬಾಯಲ್ಲಿ ಹೇಳಿದುದು ಒಂದೂ ಇರಲಿಲ್ಲ. ಶಬ್ದದ ನಿಯಮಗಳನ್ನು ಬೋಧಿಸುವ ನಮಗೆ ಇದಕ್ಕಿಂತ ನಾಚಿಕೆಯ ಸಂಗತಿ ಬೇರೊಂದಿಲ್ಲ.

ಶ್ರವಣಸಾಧನವು ತನ್ನ ಬಳಿಗೆ ಬಂದ ಶಬ್ದವನ್ನು ಹಿಗ್ಗಿಸುತ್ತದೆ. ಮಾತು ಗದ್ದಲದೊಡನೆ ಬೆರೆತು ಬಂದರೆ ಎರಡೂ ಹಿಗ್ಗುತ್ತವೆ. ಇಂದಿನ ಸಾಧನಗಳು ಗದ್ದಲವನ್ನು ಕೊಂಚ ತಗ್ಗಿಸಬಲ್ಲವಾದರೂ ಪೂರ್ತಿಯಾಗಿ ಬೇರ್ಪಡಿಸಲಾರವು. ಆದುದರಿಂದ ಮಾತು ಎಂಥ ಸ್ಥಿತಿಯಲ್ಲಿ ಕಿವಿಯ ಬಳಿಗೆ ಬರುತ್ತದೆಂಬುದೇ ಮುಖ್ಯ.

ಶಬ್ದದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ದೂರ ಇಮ್ಮಡಿಯಾದರೆ ತೀವ್ರತೆ ಕಾಲುಭಾಗವಾಗುತ್ತದೆ. ಎಂದರೆ 6 ಡೆಸಿಬೆಲ್ ಇಳಿಯುತ್ತದೆ. ಅಧ್ಯಾಪಕರ ಧ್ವನಿ 1 ಮೀಟರಿನಲ್ಲಿ 65 ಡೆಸಿಬೆಲ್ ಇದ್ದರೆ, ನೇರವಾಗಿ ಬರುವ ಧ್ವನಿ 4 ಮೀಟರಿನಲ್ಲಿ 53, 8 ಮೀಟರಿನಲ್ಲಿ 47 ಡೆಸಿಬೆಲ್ ಮಾತ್ರ. ಫ್ಯಾನು, ರಸ್ತೆ, ಗುಜುಗುಜು ಎಲ್ಲವೂ ಕೂಡಿ ಗದ್ದಲ 50 ಡೆಸಿಬೆಲ್ ಮುಟ್ಟುವುದು ಅಪರೂಪವಲ್ಲ. ಕಿವಿ ನೆಟ್ಟಗಿರುವವರು ಅರ್ಧ ಕೇಳಿ ಅರ್ಧ ಊಹಿಸುತ್ತಾರೆ. ಶ್ರವಣದೋಷವುಳ್ಳವರಿಗಾದರೋ ಮಾತು ಗದ್ದಲಕ್ಕಿಂತ ಸುಮಾರು 15 ಡೆಸಿಬೆಲ್ ಮೇಲಿರಬೇಕೆಂಬುದು ತಜ್ಞರ ಅಭಿಪ್ರಾಯ.

ಗೋಡೆಗಳಿಂದ ಪ್ರತಿಫಲಿಸಿದ ಶಬ್ದ ನೆರವಾಗದೆ ಎಂದು ಓದುಗರು ಕೇಳಬಹುದು. ಒಡನೆಯೇ ಬಂದ ಪ್ರತಿಫಲನ ನೆರವಾಗುತ್ತದೆ; ತಡವಾಗಿ ಬಂದದ್ದು ಮುಂದಿನ ಅಕ್ಷರದ ಮೇಲೆ ಬಿದ್ದು ಅದನ್ನು ಕೆಡಿಸುತ್ತದೆ. ಸದ್ದು ನಿಂತ ಮೇಲೆ ಅದು 60 ಡೆಸಿಬೆಲ್ ಇಳಿಯಲು ಹಿಡಿಯುವ ಕಾಲಕ್ಕೆ ಅನುರಣನ ಕಾಲವೆಂದು ಹೆಸರು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಮಂದಿರವೊಂದರ ದೋಷವನ್ನು ಸರಿಪಡಿಸಲು ಹೊರಟ ವ್ಯಾಲೇಸ್ ಸೇಬಿನ್ ಎಂಬ ತರುಣ ಭೌತವಿಜ್ಞಾನಿ, ಆಸನದ ಮೆತ್ತೆಗಳನ್ನು ತಂದು ಹರಡಿ, ಅವು ಹೆಚ್ಚಿದಂತೆ ಈ ಕಾಲ ಕುಗ್ಗುವುದನ್ನು ಅಳೆದು ತೋರಿಸಿದನು. ನಮ್ಮ ತರಗತಿಗಳ ಗಾರೆಯ ಗೋಡೆ, ಸಿಮೆಂಟಿನ ನೆಲಗಳು ಶಬ್ದವನ್ನು ಹೀರುವುದು ತೀರ ಕಡಮೆ. ಸ್ವರಗಳು ಬಲವಾದವು, ವ್ಯಂಜನಗಳು ದುರ್ಬಲ. 'ಕಾಲು, ಪಾಲು, ಸಾಲು, ಹಾಲು' ಎಂಬ ಪದಗಳಲ್ಲಿ ಮೊದಲ ವ್ಯಂಜನ ಮುಳುಗಿದರೆ ನಾಲ್ಕೂ ಒಂದೇ! ಕಿಟಕಿ ತೆರೆದರೆ ಅನುರಣನ ತಗ್ಗುವುದು ನಿಜ. ಆದರೆ ಅದೇ ಕಿಟಕಿಯಿಂದ ರಸ್ತೆಯ ಗದ್ದಲ ಒಳನುಗ್ಗುತ್ತದೆ. ತರಗತಿಯ ಗದ್ದಲ 35 ಡೆಸಿಬೆಲ್ ಮೀರದಿರಬೇಕು, ಅನುರಣನ ಕಾಲ ಸುಮಾರು 0.6 ಸೆಕೆಂಡಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಸೂಚಿಸಿತು.

ಪರಿಹಾರವೂ ಇದೇ ನಿಯಮಗಳಲ್ಲಿದೆ. ಅಧ್ಯಾಪಕರ ಬಾಯಿಂದ 20 ಸೆಂಟಿಮೀಟರಿನಲ್ಲಿ ಪುಟ್ಟ ಮೈಕನ್ನು ತೊಡಿಸಿದರೆ, ಅಲ್ಲಿ ಧ್ವನಿ ಸುಮಾರು 79 ಡೆಸಿಬೆಲ್ ಇರುತ್ತದೆ. ಅದು ರೇಡಿಯೋ ತರಂಗಗಳ ಮೂಲಕ ಶ್ರವಣಸಾಧನವನ್ನು ಸೇರಿದಾಗ, ವಿದ್ಯಾರ್ಥಿಯ ಕಿವಿಯನ್ನೇ ಅಧ್ಯಾಪಕರ ಬಾಯಿಯ ಬಳಿ ಇಟ್ಟಂತಾಗುತ್ತದೆ. ಆದರೆ ಸಹಪಾಠಿಗಳ ಪ್ರಶ್ನೆ ಆ ಮೈಕಿಗೆ ಸರಿಯಾಗಿ ಕೇಳದು. ಅಧ್ಯಾಪಕರು ಅದನ್ನು ಮರಳಿ ಹೇಳಬೇಕು. ತುಟಿಯ ಚಲನೆ ನೋಡಿ ಅರಿಯುವವರಿಗೆ ನಮ್ಮ ಮುಖ ಕಾಣಬೇಕು. ಆಗಲೂ 'ಪಾಡು, ಬಾಡು, ಮಾಡು' ಎಂಬಿವು ತುಟಿಗಳ ಮೇಲೆ ಒಂದೇ ಬಗೆ. ಯಾವ ಸಾಧನದಿಂದಲೂ ಪ್ರಯೋಜನವಾಗದವರಿಗೆ ಸಂಜ್ಞಾಭಾಷೆಯ ದುಭಾಷಿ ಅವಶ್ಯ. ಅವರು ಏಕಕಾಲದಲ್ಲಿ ದುಭಾಷಿಯ ಕೈಯನ್ನೂ ಪ್ರಯೋಗವನ್ನೂ ನೋಡಲಾರರಾದುದರಿಂದ ಅಧ್ಯಾಪಕರು ನಡುನಡುವೆ ತಡೆದು ನಿಲ್ಲಬೇಕು.

ಇವುಗಳಲ್ಲಿ ಕೆಲವಕ್ಕೆ ಹಣ ಬೇಕು, ಹಲವಕ್ಕೆ ಬೇಡ. ನಾವು ಆ ವಿದ್ಯಾರ್ಥಿಯನ್ನು ಮುಂದಿನ ಬೆಂಚಿಗೆ ಕರೆದೆವು. ಕರಿಹಲಗೆಯ ಕಡೆ ತಿರುಗಿ ಮಾತನಾಡುವ ಅಭ್ಯಾಸವನ್ನು ಬಹು ಕಷ್ಟದಿಂದ ಬಿಟ್ಟೆವು. ಗುಜುಗುಜು ನಿಲ್ಲಿಸುವುದು ಮಾತ್ರ ನಮ್ಮೊಬ್ಬರ ಕೈಯಲ್ಲಿಲ್ಲ. ಅದು ಪಕ್ಕದಲ್ಲಿ ಕುಳಿತ ನಿಮ್ಮ ಕೈಯಲ್ಲಿದೆ.